ಅಪ್‌ಡೇಟ್: ನ್ಯೂಯಾರ್ಕ್, ಶಿಕಾಗೊ ಸುತ್ತಲು ಕಾರು ಬೇಕಾ?

ಅಪ್ಪ-ಅಮ್ಮನ ಜೊತೆ ಎರಡೂ ಊರನ್ನು ಕಾರಿಲ್ಲದೆ ನೋಡಬಹುದಾ ಅಂತ ಕೇಳಿದ್ದೆ. ಖಂಡಿತ ನೋಡಬಹುದು. ಕಾರಿದ್ದರೆ ಪಾರ್ಕಿಂಗ್‌ದೇ ದೊಡ್ಡ ತಲೆನೋವು.

ಹೊರಡುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ (ಕಾರ್ಡ್ ತಾಗಿಸಿ ದುಡ್ಡು ಕೊಡುವುದು), ಎರಡನ್ನೂ ಬೇರೆಬೇರೆಯಾಗಿ ಆನ್ ಮಾಡಿ. ಒಂದು ಬಿಟ್ಟರೂ ಕಾರ್ಡ್ ತಾಗಿಸಿದಾಗ ನಿಲ್ದಾಣದ ಗೇಟು ತೆರೆಯಲ್ಲ. ನ್ಯೂಯಾರ್ಕ್‌ನಲ್ಲಿ ಸಬ್‌ವೇಯಿಂದ (ಅಲ್ಲಿನ ಮೆಟ್ರೊ ರೈಲು) ಬಸ್ಸಿಗೆ ಎರಡು ಗಂಟೆಯೊಳಗೆ ಬದಲಾಯಿಸಿದರೆ ಮತ್ತೆ ದುಡ್ಡಿಲ್ಲ, ಆದರೆ ಮೊದಲು ತಾಗಿಸಿದ ಕಾರ್ಡನ್ನೇ ಅಥವಾ ಫೋನನ್ನೇ ಮತ್ತೆ ತಾಗಿಸಬೇಕು. ಅದೇ ಕಾರ್ಡ್ ಫೋನಿನಲ್ಲಿದ್ದರೂ ಅದು ಬೇರೆಯದೆಂದೇ ಲೆಕ್ಕ.

ಎಡವುವುದು ಹೆಚ್ಚಾಗಿ ಇಲ್ಲಿ: ಎಷ್ಟೋ ಸಣ್ಣ ನಿಲ್ದಾಣಗಳಲ್ಲಿ ಅಪ್‌ಟೌನ್ (ಉತ್ತರದ ಕಡೆ), ಡೌನ್‌ಟೌನ್ (ದಕ್ಷಿಣದ ಕಡೆ) ಟ್ರೇನುಗಳಿಗೆ ರಸ್ತೆಯ ಆಚೆ-ಈಚೆ ಬೇರೆ ಬೇರೆ ಮೆಟ್ಟಿಲು. ಒಳಗಿನಿಂದ ದಾಟಲು ದಾರಿಯಿಲ್ಲ. ಮೆಟ್ಟಿಲು ಇಳಿಯುವ ಮೊದಲು ಬೋರ್ಡ್ ಓದಿ. ಲಿಫ್ಟ್ ಇಲ್ಲದ ನಿಲ್ದಾಣಗಳೇ ಹೆಚ್ಚು. ಮಂಡಿ ನೋವಿದ್ದವರಿದ್ದರೆ ಮ್ಯಾಪಿನಲ್ಲಿ ಗಾಲಿಕುರ್ಚಿ ಗುರುತಿರುವ ನಿಲ್ದಾಣ ಹುಡುಕಿ, ಇಲ್ಲವೇ ಬಸ್ ಹಿಡಿಯಿರಿ.

ಸ್ವಾತಂತ್ರ್ಯ ದೇವಿಯನ್ನು (ಸ್ಟ್ಯಾಚ್ಯೂ ಆಫ್ ಲಿಬರ್ಟಿ) ದೂರದಿಂದ ನೋಡಿದರೆ ಸಾಕು ಅನ್ನುವವರಿಗೆ ಸ್ಟೇಟನ್ ಐಲೆಂಡ್ ದ್ವೀಪಕ್ಕೆ ಹೋಗುವ ಫೆರಿ (ದೋಣಿ) ಪೂರ್ತಿ ಉಚಿತ. ಹೋಗುವಾಗ ಬಲಗಡೆ ನಿಲ್ಲಿ, ಸುಮಾರು 25 ನಿಮಿಷ. ಆ ದಡದಲ್ಲಿ ಎಲ್ಲರೂ ಇಳಿದು ಮತ್ತೆ ಹತ್ತಲೇಬೇಕು. ಊಟಕ್ಕೆ ನ್ಯೂಯಾರ್ಕ್‌ನದೇ ಫ್ಲಶಿಂಗ್ ಬಡಾವಣೆಯ ಗಣೇಶ ದೇವಸ್ಥಾನದ ಕ್ಯಾಂಟೀನ್: 7ನೇ ಟ್ರೇನಿನ ಕೊನೆಯ ನಿಲ್ದಾಣದಲ್ಲಿ ಇಳಿಯಬೇಕು, ಬಿಸಿ ದೋಸೆ.

ಶಿಕಾಗೊ ಸುಲಭ. ಓಹೇರ್ ವಿಮಾನ ನಿಲ್ದಾಣದಿಂದ ಬ್ಲೂ ಲೈನ್ ಮೆಟ್ರೊ ನೇರ ಊರೊಳಗೆ, ಇಪ್ಪತ್ತನಾಲ್ಕು ಗಂಟೆಯೂ ಇದೆ. ಓಹೇರ್‌ನಲ್ಲಿ ಹತ್ತಿದರೆ ಮಾಮೂಲಿಗಿಂತ ಜಾಸ್ತಿ ದರ, ವಾಪಸ್ಸಿಗೆ ಮಾಮೂಲಿ ದರ. ಗಡಿಯಾರ ನ್ಯೂಯಾರ್ಕ್‌ಗಿಂತ ಒಂದು ಗಂಟೆ ಹಿಂದೆ.