ಆಸ್ಟ್ರೇಲಿಯಾ ವಲಸೆ: 189 ವೀಸಾಕ್ಕೆ ಕಾಯುವುದೋ, 491ರಲ್ಲಿ ಹೋಗುವುದೋ? ಅನುಭವವುಳ್ಳವರು ತಿಳಿಸಿ

ಪ್ರಶ್ನೆ: ನನಗೀಗ 32 ವರ್ಷ, ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಎಂಟು ವರ್ಷಗಳಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗಗಳಲ್ಲಿ 7 ಬಂದಿದೆ. ಪತ್ನಿಯ ಇಂಗ್ಲಿಷ್ ಪರೀಕ್ಷೆಯೂ ಆಗಿರುವುದರಿಂದ ನನ್ನ ಲೆಕ್ಕದಲ್ಲಿ ವೀಸಾ ಅರ್ಹತೆಯ 75 ಅಂಕಗಳಾಗುತ್ತವೆ. ನಾಮನಿರ್ದೇಶನ ಬೇಡದ, ನೇರವಾಗಿ ಪಿಆರ್ (ಶಾಶ್ವತ ವಾಸದ ಹಕ್ಕು) ಕೊಡುವ 189 ವೀಸಾಕ್ಕೆ ಕಾಯಬಹುದೇ, ಅಥವಾ ರಾಜ್ಯವೊಂದರ ನಾಮನಿರ್ದೇಶನ ಪಡೆದು 491 ಎಂಬ ಪ್ರಾದೇಶಿಕ ವೀಸಾದಲ್ಲಿ ಹೊರಡುವುದು ಒಳ್ಳೆಯದೇ?

ಅಡಿಲೇಡ್‌ನಿಂದ ಉತ್ತರ: ಸರ್, ಮೊದಲು ಆ 75ನ್ನೇ ಮತ್ತೊಮ್ಮೆ ಲೆಕ್ಕ ಹಾಕಿ. ಐಟಿ ವೃತ್ತಿಗಳ ಕೌಶಲ ಮೌಲ್ಯಮಾಪನ ಮಾಡುವ ಎಸಿಎಸ್ ಸಂಸ್ಥೆಯು, ಓದಿದ್ದೂ ಮಾಡುತ್ತಿರುವ ಕೆಲಸವೂ ಒಂದೇ ಕ್ಷೇತ್ರದ್ದಾಗಿದ್ದರೂ, ಸಾಮಾನ್ಯವಾಗಿ ಆರಂಭದ ಎರಡು ವರ್ಷಗಳನ್ನು ಅನುಭವದಿಂದ ಕಳೆಯುತ್ತದೆ. ಎಂಟು ವರ್ಷ ಆರಾದರೆ ಅನುಭವದ ಅಂಕ 15ರಿಂದ 10ಕ್ಕೆ ಇಳಿಯುತ್ತದೆ. 33 ತುಂಬಿದೊಡನೆ ವಯಸ್ಸಿನ ಅಂಕವೂ ಐದು ಕಡಿಮೆಯಾಗಿ, ನೀವು ಅರ್ಹತೆಯ ಕನಿಷ್ಠ ಮಿತಿಯಾದ 65ಕ್ಕೆ ಬಂದು ನಿಲ್ಲುತ್ತೀರಿ. ಅಷ್ಟು ಅಂಕ ಇಟ್ಟುಕೊಂಡು 189ರ ಆಹ್ವಾನಕ್ಕೆ ಕಾಯುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ರಾಜ್ಯದ ನಾಮನಿರ್ದೇಶನದಿಂದಲೇ ಸಿಗುವ ಇನ್ನೊಂದು ವೀಸಾ 190; ಅದರ ನಾಮನಿರ್ದೇಶನಕ್ಕೆ 5, 491ರದಕ್ಕೆ 15 ಅಂಕ ಸೇರುತ್ತವೆ. ಐಇಎಲ್‌ಟಿಎಸ್‌ನಲ್ಲಿ ಎಲ್ಲ ವಿಭಾಗಗಳಲ್ಲೂ 8 ತೆಗೆದರೆ ಇನ್ನೂ 10 ಸಿಗುತ್ತವೆ.

ದಾಖಲೆಗಳ ಕೆಲಸವನ್ನು ಇಂದೇ ಆರಂಭಿಸಿ. ನಮ್ಮ ಕಂಪನಿಗಳು ಕೊಡುವ ಅನುಭವ ಪತ್ರದಲ್ಲಿ ಹುದ್ದೆ, ಸೇರಿದ ದಿನ, ಬಿಟ್ಟ ದಿನ ಇಷ್ಟೇ ಇರುತ್ತವೆ. ಎಸಿಎಸ್ ನೋಡುವುದು ನೀವು ನಿರ್ವಹಿಸಿದ ಕೆಲಸಗಳ ವಿವರವನ್ನು. ನಾನು ಹಿಂದೆ ದುಡಿದ ಕಂಪನಿಯ ಎಚ್‌ಆರ್ ವಿಭಾಗದವರು ಅಂಥ ಪತ್ರ ಕೊಡುವ ಪದ್ಧತಿಯಿಲ್ಲ ಎಂದಾಗ, ಆಗಿನ ಮ್ಯಾನೇಜರರಿಂದ ಛಾಪಾ ಕಾಗದದ ಮೇಲೆ ಅಫಿಡವಿಟ್ ಬರೆಸಿ, ನೋಟರಿ ಮಾಡಿಸಿ, ಸಂಬಳದ ಚೀಟಿಗಳನ್ನೂ ಫಾರ್ಮ್ 16ನ್ನೂ ಜತೆಗಿಟ್ಟು ಸಲ್ಲಿಸಿದೆ, ಅದು ಅಂಗೀಕಾರವಾಯಿತು.

ಪರ್ತ್‌ನಿಂದ ಉತ್ತರ: ಮೇಲಿನವರ ಮಾತಿಗೆ ಇಷ್ಟನ್ನು ಸೇರಿಸುತ್ತೇನೆ. 190 ಕೈಗೆ ಬಂದ ದಿನದಿಂದಲೇ ಪಿಆರ್. 491 ಐದು ವರ್ಷಗಳ ತಾತ್ಕಾಲಿಕ ವೀಸಾ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದೆಡೆ ಮೂರು ವರ್ಷ ನೆಲೆಸಿ, ಆ ಅವಧಿಯ ತೆರಿಗೆ ನಿರ್ಧರಣಾ ಪತ್ರಗಳನ್ನು ತೋರಿಸಿದರೆ 191 ವೀಸಾದ ಮೂಲಕ ಪಿಆರ್‌ಗೆ ಅರ್ಜಿ ಹಾಕಬಹುದು. ಪ್ರಾದೇಶಿಕ ಎಂದೊಡನೆ ಕುಗ್ರಾಮವೆಂದು ಮನೆಯವರು ಹೆದರುವುದುಂಟು. ಪರ್ತ್, ಅಡಿಲೇಡ್, ಕ್ಯಾನ್‌ಬೆರಾಗಳೂ ಈ ಪಟ್ಟಿಯಲ್ಲೇ ಇವೆ. ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇರ್‌ನ ಸೌಲಭ್ಯ 491ರಲ್ಲೂ ಇದೆ, ಮುಂದೆ ಪೌರತ್ವಕ್ಕೆ ಬೇಕಾದ ನಾಲ್ಕು ವರ್ಷಗಳ ವಾಸಕ್ಕೂ ಈ ಕಾಲ ಸೇರುತ್ತದೆ. ತೊಡಕಿರುವುದು ಕೆಲಸ ಹುಡುಕುವಾಗ: ಪಿಆರ್ ಅಥವಾ ಪೌರತ್ವ ಇದ್ದವರೇ ಬೇಕೆಂಬ ಷರತ್ತು ಅನೇಕ ಜಾಹೀರಾತುಗಳಲ್ಲಿರುತ್ತದೆ. ಆದ್ದರಿಂದ ನಾಮನಿರ್ದೇಶನಕ್ಕಾಗಿ ಯಾವ ರಾಜ್ಯಕ್ಕೆ ಆಸಕ್ತಿ ಸಲ್ಲಿಸಬೇಕೆಂದು ತೀರ್ಮಾನಿಸುವ ಮುನ್ನ, ಆ ನಗರದಲ್ಲಿ ನಿಮ್ಮ ಹುದ್ದೆಗೆ ಕರೆದಿರುವ ಜಾಹೀರಾತುಗಳನ್ನು ಕೆಲವು ವಾರ ಗಮನಿಸಿ.