ಸಹಾಯ ಬೇಕು: ಕೋಡಿಬೆಂಗ್ರೆಯಲ್ಲಿ ಗಾಳ ಹಾಕಲು ಯಾವ ಹೊತ್ತು ಒಳ್ಳೆಯದು?

ಉಡುಪಿ ಹತ್ತಿರದ ಕೋಡಿಬೆಂಗ್ರೆಯಲ್ಲಿ, ಹೊಳೆ ಕಡಲು ಸೇರುವ ಅಳಿವೆ ಬಾಗಿಲಲ್ಲಿ ದಡದಿಂದ ಗಾಳ ಹಾಕುವವರು ಯಾರಾದರೂ ಇದ್ದೀರಾ? ಏಪ್ರಿಲ್ ಬಂತು, ನೀರು ಬೆಚ್ಚಗಿದೆ, ಕಾಲಡಿಯ ಮರಳು ಕಾಣುವಷ್ಟು ತಿಳಿ. ಸಿಗಡಿ ಚುಚ್ಚಿ ಹಾಕಿದರೆ ಪುಟಾಣಿ ಮೀನುಗಳು ತಲೆ ಮಾತ್ರ ಬಿಟ್ಟು ಉಳಿದದ್ದನ್ನು ಕಿತ್ತು ತಿನ್ನುತ್ತವೆ. ಕಾಣೆ ಮೀನು ಮುಟ್ಟುವುದೇ ಇಲ್ಲ, ಎಂತ ಮಾಡುವುದು?

ಮಧ್ಯಾಹ್ನದ ಮೇಲೆ ಕಡಲ ಗಾಳಿ ಜೋರು, ದಾರ ಬಿಲ್ಲಿನ ಹಾಗೆ ಬಾಗುತ್ತದೆ. ಹಾಗಾಗಿ ಬೆಳಗ್ಗೆಯೇ ಸರಿ ಅಂತ ನನ್ನ ಲೆಕ್ಕ. ಆದರೆ ನೀರು ಏರುವಾಗಲೋ, ಇಳಿಯುವಾಗಲೋ? ಅಮಾವಾಸ್ಯೆ ಹತ್ತಿರ ಸೆಳೆತ ಜಾಸ್ತಿ, ಸೀಸದ ಗುಂಡು ಕೂಡ ಜಾರುತ್ತದೆ. ಆಗ ಹೊಳೆ ಬದಿಗೆ ಹೋಗಬೇಕಾ? ಕೆಂಬೇರಿ ಮೀನಿಗೆ ಜೀವಂತ ಸಿಗಡಿಯೇ ಆಗಬೇಕಾ?

ಜಾಗದ ಗುಟ್ಟು ಹೇಳುವುದು ಬೇಡ ಮಾರಾಯ್ರೆ, ಹೊತ್ತು ಮತ್ತು ಎರೆ ಹೇಳಿದರೆ ಸಾಕು. ಜೂನ್‌ನಲ್ಲಿ ಮಳೆ ಹಿಡಿದರೆ ಆ ಕಡೆ ಕಾಲಿಡಲೂ ಆಗುವುದಿಲ್ಲ ಅಲ್ವಾ.