ಕೆಳದವಡೆ ರಿಡ್ಜ್ 3.8 ಮಿ.ಮೀ.: ಸೀಳೋಣವೇ, ತುಂಬೋಣವೇ?

ಪ್ರಶ್ನೆ: ಸರ್, 52 ವರ್ಷದ ಮಹಿಳೆ. ಎಡ ಕೆಳಗಡೆ 35, 36 (ಎರಡನೇ ಪ್ರಿಮೋಲಾರ್, ಮೊದಲ ದವಡೆಹಲ್ಲು) ಕಿತ್ತು ಆರು ವರ್ಷವಾಗಿದೆ. ಸಕ್ಕರೆ ಕಾಯಿಲೆ ಇಲ್ಲ, ತಂಬಾಕು ಇಲ್ಲ. ಸಿಬಿಸಿಟಿಯಲ್ಲಿ (ದವಡೆಯ ಮೂರು ಆಯಾಮದ ಎಕ್ಸ್‌ರೇ) ರಿಡ್ಜ್ (ಹಲ್ಲು ಹೋದ ಜಾಗದ ಮೂಳೆ ದಿಬ್ಬ) ತುದಿಯ ಅಗಲ 3.8 ಮಿ.ಮೀ., 8 ಮಿ.ಮೀ. ಕೆಳಗೆ 6.5. ನರದ ಕಾಲುವೆಗೆ 14 ಮಿ.ಮೀ. ಇದೆ. ರಿಡ್ಜ್ ಸ್ಪ್ಲಿಟ್ ಮಾಡಿ (ದಿಬ್ಬವನ್ನು ಸೀಳಿ ಅಗಲಿಸಿ) ಅದೇ ದಿನ 4.2 ಮಿ.ಮೀ. ದಪ್ಪದ ಇಂಪ್ಲಾಂಟ್ (ಕೃತಕ ಬೇರು) ಕೂರಿಸಬಹುದೇ?

ಉತ್ತರ: 3.8 ಎಂದರೆ ಅರ್ಧ ಮಾಹಿತಿಯಷ್ಟೇ. ಹೊರಗಿನ, ಒಳಗಿನ ಗಟ್ಟಿ ಪದರಗಳ ನಡುವೆ ಮೆದು ಮೂಳೆ ಎಷ್ಟಿದೆ ನೋಡಿ. 1 ಮಿ.ಮೀ. ಕೂಡ ಇಲ್ಲದಿದ್ದರೆ ಸೀಳುವ ಮಾತೇ ಬೇಡ. ಎರಡು ಪದರ ಅಂಟಿಕೊಂಡಿರುವ ಕಡೆ ಉಳಿ ಹಾಕಿದರೆ ಅದು ಬಿಚ್ಚಿಕೊಳ್ಳುವುದಿಲ್ಲ, ಒಡೆಯುತ್ತದೆ.

ಮೆದು ಮೂಳೆ ಇದೆ ಎಂದುಕೊಳ್ಳೋಣ. ಆಗಲೂ ಅದೇ ದಿನ ಬೇಡ. ಮೇಲ್ದವಡೆಯ ಮೂಳೆ ಬಾಗುತ್ತದೆ, ಕೆಳದವಡೆಯದು ಸುಲಭಕ್ಕೆ ಬಾಗದು. ಎರಡು ಸಲಕ್ಕೆ ಮಾಡಿ.

ಮೊದಲ ಸಲ ಫ್ಲಾಪ್ (ಒಸಡಿನ ಪದರ) ಪೂರ್ತಿ ಎತ್ತಿ, ಸಲೈನ್ ಹರಿಸುತ್ತಾ ಪೀಜೋದಿಂದ (ಕಂಪನದಿಂದ ಮೂಳೆ ಕೊಯ್ಯುವ ಉಪಕರಣ) ರಿಡ್ಜ್ ತುದಿಯ ಮೇಲೆ ಒಂದು ಗೀರು. ಪಕ್ಕದ ಹಲ್ಲಿಗೆ 1.5 ಮಿ.ಮೀ. ಮೊದಲೇ ನಿಲ್ಲಿಸಿ. ಕೆನ್ನೆ ಬದಿಗೆ ಎರಡು ಲಂಬ ಗೀರು, ಅವನ್ನು ಸೇರಿಸಲು ಸುಮಾರು 8 ಮಿ.ಮೀ. ಕೆಳಗೆ ಅಡ್ಡಗೀರು. 35ರ ಬಳಿ ಮೆಂಟಲ್ ಫೊರಾಮೆನ್ (ನರ ಹೊರಬರುವ ರಂಧ್ರ) ಇರುತ್ತದೆ, ಅದರ ಮೇಲಂಚು ಎಲ್ಲಿದೆ ಎಂದು ಅಳೆಯದೆ ಅಡ್ಡಗೀರಿಗೆ ಕೈ ಹಾಕಬೇಡಿ. ಗೀರು ಗಟ್ಟಿ ಪದರ ದಾಟಿದರೆ ಸಾಕು. ಅಗಲಿಸದೆ ಹೊಲಿದು ಕಳಿಸಿ.

3-4 ವಾರ ಬಿಟ್ಟು ಎರಡನೇ ಸಲ. ಈಗ ರಿಡ್ಜ್ ಮೇಲೆ ಮಾತ್ರ ಕೊಯ್ತ. ಕೆನ್ನೆ ಬದಿ ಒಸಡನ್ನು ಎತ್ತಲೇಬಾರದು. ಬಿಡಿಸಿದ ಮೂಳೆ ಹಲಗೆಗೆ ರಕ್ತ ಬರುವುದು ಆ ಒಸಡಿನಡಿಯ ಪೆರಿಯಾಸ್ಟಿಯಂನಿಂದ (ಮೂಳೆಯ ಹೊದಿಕೆ ಪೊರೆ). ಇಡೀ ಎರಡು ಹಂತದ ಗುಟ್ಟೇ ಇದು. ತೆಳು ಉಳಿ, ಆಮೇಲೆ ಸೀಳನ್ನು ಅಗಲಿಸುವ ಸ್ಕ್ರೂ ಎಕ್ಸ್‌ಪಾಂಡರ್: ಅರ್ಧ ಸುತ್ತು, ಅರ್ಧ ನಿಮಿಷ ತಡೆ, ಮತ್ತೆ ಅರ್ಧ ಸುತ್ತು. ಅವಸರ ಮಾಡಿದರೆ ಟಕ್ ಅನ್ನುತ್ತದೆ. 10 ಮಿ.ಮೀ. ಉದ್ದದ ಇಂಪ್ಲಾಂಟನ್ನು ತುದಿಗಿಂತ 1 ಮಿ.ಮೀ. ಆಳಕ್ಕಿಟ್ಟರೆ ಸೀಳಿನ ಕೆಳಗೆ 3 ಮಿ.ಮೀ. ಹಿಡಿತ ಸಿಗುತ್ತದೆ, ಕಾಲುವೆಗೂ 3 ಉಳಿಯುತ್ತದೆ. 4.2 ಬದಲು 3.75 ಇರಲಿ. ಬಿರುಕಿನ ಸಂದಿಗೆ ಗ್ರಾಫ್ಟ್ (ಮೂಳೆ ಪುಡಿ) ತುಂಬಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ನೇರ 3.3 ಹಾಕಿದರಾಗದೇ? ಬೇಕಿದ್ದರೆ ತುದಿ 2 ಮಿ.ಮೀ. ಸವರಿ.

ಉತ್ತರ (ಇನ್ನೊಬ್ಬ ಸರ್ಜನ್): ಲೆಕ್ಕ ಹಾಕಿ ನೋಡಿ. ನಿಮ್ಮ ಅಳತೆಯಲ್ಲಿ 2 ಮಿ.ಮೀ. ಸವರಿದರೆ ಅಗಲ ಹೆಚ್ಚೆಂದರೆ 4.5. 3.3 ಕೂರಿಸಿದ ಮೇಲೆ ಎರಡೂ ಬದಿಗೆ 0.6 ಉಳಿಯಿತು, ಬೇಕಾದ್ದು ಕನಿಷ್ಠ 1, ಕೆನ್ನೆ ಬದಿಗೆ 1.5ರಿಂದ 2. ತೆಳು ಮೂಳೆ ಕರಗಿ ಇಂಪ್ಲಾಂಟಿನ ಸ್ಕ್ರೂ ಎಳೆಗಳು ಹೊರಬೀಳುತ್ತವೆ. ಸಾಲದ್ದಕ್ಕೆ ಕ್ರೌನ್ (ಮೇಲೆ ಕೂರುವ ಕೃತಕ ಹಲ್ಲು) ಉದ್ದವಾಗಿ 36ರ ಜಗಿತದ ಭಾರಕ್ಕೆ ಸನ್ನೆಗೋಲಾಗುತ್ತದೆ. ಕೆಳಗಿನ ಬಾಚಿಹಲ್ಲಿನ ಜಾಗವಾಗಿದ್ದರೆ ನಾನೂ 3.3 ಅನ್ನುತ್ತಿದ್ದೆ.

ಪ್ರಶ್ನೆ: ಡ್ರಿಲ್ ಉಲ್ಟಾ ತಿರುಗಿಸಿ ಮೂಳೆ ಅದುಮುವ ವಿಧಾನ?

ಉತ್ತರ: ಅದಕ್ಕೂ ಅದುಮಿಸಿಕೊಳ್ಳುವ ಮೆದು ಮೂಳೆ ಬೇಕಲ್ಲ. ಮೇಲ್ದವಡೆಗೆ ಚೆನ್ನ.

ಪ್ರಶ್ನೆ: ಕೊನೆಗೂ ಹಲಗೆ ಮುರಿದರೆ?

ಉತ್ತರ: ಒಸಡಿಗೆ ಅಂಟಿಕೊಂಡೇ ಇದ್ದರೆ 1.5 ಮಿ.ಮೀ. ಮೈಕ್ರೋಸ್ಕ್ರೂನಿಂದ ಬಿಗಿ ಮಾಡಿ. ಇಂಪ್ಲಾಂಟ್ ಸೀಳಿನ ಕೆಳಗೆ ಭದ್ರವಾಗಿ ಹಿಡಿದಿದ್ದರೆ ಮಾತ್ರ ಅದನ್ನು ಅಲ್ಲೇ ಇರಲು ಬಿಡಿ. ಪೂರ್ತಿ ಕಳಚಿ ಕೈಗೆ ಬಂದರೆ ಇಂಪ್ಲಾಂಟ್ ಆಸೆ ಅವತ್ತಿಗೆ ಬಿಡಿ: ತುಂಡನ್ನು ಬ್ಲಾಕ್ ಗ್ರಾಫ್ಟ್‌ನಂತೆ ಸ್ಕ್ರೂ ಹಾಕಿ, ಸಂದಿ ತುಂಬಿ, ಮೆಂಬ್ರೇನ್ (ರಕ್ಷಣೆಯ ಪೊರೆ) ಹೊದಿಸಿ, 4-6 ತಿಂಗಳು ಕಾಯಿರಿ.

ನೀವು ಸ್ಪ್ಲಿಟ್ ಮಾಡುತ್ತಿರುವುದು ಇದೇ ಮೊದಲಾದರೆ ಈ ಕೇಸಿನಲ್ಲಿ ಬೇಡ. ಜಿಬಿಆರ್ (ಗ್ರಾಫ್ಟ್ ತುಂಬಿ ಹೊಸ ಮೂಳೆ ಬೆಳೆಸುವ ವಿಧಾನ) ಮಾಡಿ: ರೋಗಿಯದೇ ಮೂಳೆಚೂರು, ಜೊತೆಗೆ ಹಸುವಿನ ಮೂಳೆಯ ಪುಡಿ ಸಮಸಮ, ಪಿನ್ ಹಾಕಿದ ಕೊಲ್ಯಾಜನ್ ಮೆಂಬ್ರೇನ್, ಎಳೆತವಿಲ್ಲದ ಹೊಲಿಗೆ. 6-9 ತಿಂಗಳು ತಡವಾಗುತ್ತದೆ ಎಂದು ರೋಗಿಗೆ ಮೊದಲೇ ಹೇಳಿಬಿಡಿ. ಗ್ರಾಫ್ಟ್ ಮೇಲೆ ಒತ್ತುವ ಕಳಚುವ ಹಲ್ಲುಸೆಟ್ ಮಾತ್ರ ಕೊಡಬೇಡಿ, ಅದರಿಂದ ಹೊಲಿಗೆ ಬಾಯ್ಬಿಡಬಹುದು.